ಮಳೆಗಾಲಕ್ಕೆ ಮುಂಚೆ ಪುಸ್ತಕದ ಕಪಾಟು

ಕಾರವಾರದ ಚಿರೇಕಲ್ಲಿನ ಗೋಡೆ ಮಳೆಗಾಲವಿಡೀ ನೀರು ಹೀರುತ್ತದೆ. ಮನೆಯಲ್ಲೇ ಕೂತು ಬರೆಯುವವರ ಪುಸ್ತಕ, ಟಿಪ್ಪಣಿಗಳಿಗೆ ಬೂಷ್ಟು ಹಿಡಿಯುವುದು ಹೆಚ್ಚಾಗಿ ಅಲ್ಲಿಂದಲೇ. ಕಪಾಟನ್ನು ಹೊರಗೋಡೆಗೆ ಒತ್ತಬೇಡಿ. ಒಳಗೋಡೆಯಿಂದ 2 ಇಂಚು ಬಿಟ್ಟು ನಿಲ್ಲಿಸಿ. ಕಬ್ಬಿಣದ ಸ್ಕ್ರೂ ಬೇಡವೇ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಚ್ಚುವಾಗ ತಲೆ ಮುರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ತೆರೆದ ಕಪಾಟಾದರೆ ಹಿಂಬದಿಯ ಪ್ಲೈವುಡ್‌ಗೆ ಮೇಲೆ, ಕೆಳಗೆ 1 ಇಂಚಿನ ತೂತು ಕೊರೆಯಿರಿ, ಗಾಳಿಯಾಡಲಿ. ಬಾಗಿಲಿದ್ದರೆ ತೂತು ಬೇಡ, ಖಾನೆಗೆ 100 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು) ಬಟ್ಟೆಚೀಲದಲ್ಲಿಡಿ. ಬಾಗಿಲು ಬಿಗಿಯಾಗಿ ಮುಚ್ಚದಿದ್ದರೆ ಜೆಲ್ ದಂಡ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ತೇವ ಹೀರಿ ಹರಳು ಹಸಿರಾದಾಗ ಓವನ್‌ನಲ್ಲಿ 110 ಡಿಗ್ರಿಗೆ ಎರಡು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೇವಿನ ಸೊಪ್ಪಿಟ್ಟರೆ ಸಾಕೆಂದು ನಂಬಬೇಡಿ, ತೇವವನ್ನು ಅದು ಹೀರದು.