ಚಿಕ್ಕಮ್ಮನ ರಿಪೋರ್ಟ್ ಬಂತು

8 ಮೇ 2024, ಬುಧವಾರ

ಅಂಡಾಶಯದ ಕ್ಯಾನ್ಸರ್ ಆಗಿರುವ ಚಿಕ್ಕಮ್ಮನ ಬಿಆರ್‌ಸಿಎ ಪರೀಕ್ಷೆಯ ರಿಪೋರ್ಟ್ ಇವತ್ತು ಕೈಸೇರಿತು. ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ-1 ಜೀನ್‌ನಲ್ಲಿ ದೋಷವಿದೆ. ಚಿಕ್ಕಪ್ಪನ ಮುಖ ಬಾಡಿತು. ಆದರೆ ಡಾಕ್ಟರು, “ಚಿಕಿತ್ಸೆ ಮಟ್ಟಿಗೆ ಇದು ಒಳ್ಳೇದೇ ಅಮ್ಮ” ಅಂದರು.

ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ ಅಂದಾಗ ನಾನು ಮೊಬೈಲಿನಲ್ಲಿ ಹುಡುಕಿದ್ದು ಎಷ್ಟು ವರ್ಷ ಬದುಕುತ್ತಾರೆ ಅಂತ. ಇಷ್ಟು ಹರಡಿದ ಮೇಲೆ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 30 ಮಂದಿ, ಅದು ಅಮೆರಿಕದ ಲೆಕ್ಕ. ಅದನ್ನು ಓದಿ ನಿದ್ದೆ ಬರಲಿಲ್ಲ. ಆದರೆ ಆ ಲೆಕ್ಕದಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ, ಹೊಸ ಔಷಧಿ ಸಿಗದವರೂ ಇದ್ದಾರೆ. ಚಿಕ್ಕಮ್ಮನಿಗೆ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ ಆಪರೇಷನ್ ಮಾಡಿದರು. ಕಣ್ಣಿಗೆ ಕಾಣುವಂಥದ್ದು ಏನೂ ಉಳಿದಿಲ್ಲ. ಮುಂದಿನ ದಿನಗಳಿಗೆ ಇದರಷ್ಟು ಮುಖ್ಯವಾದದ್ದು ಕಡಿಮೆ.

ಇನ್ನು ಓಲಾಪರಿಬ್ ಮಾತ್ರೆ. ಡಾಕ್ಟರು ಒಳ್ಳೇದು ಅಂದದ್ದು ಇದಕ್ಕೇ. ಜೀನ್ ಕೆಟ್ಟಿರುವ ಕ್ಯಾನ್ಸರ್ ಕೋಶಕ್ಕೆ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಉಳಿದಿರುವ ಇನ್ನೊಂದು ದಾರಿಯನ್ನೂ ಇದು ಮುಚ್ಚುತ್ತದೆ, ಕೋಶ ಸಾಯುತ್ತದೆ. ಸೋಲೋ-1 ಅನ್ನುವ ಅಧ್ಯಯನದಲ್ಲಿ ಚಿಕ್ಕಮ್ಮನಂಥವರೇ ಇದ್ದರು: ಮೂರು ಅಥವಾ ನಾಲ್ಕನೇ ಹಂತ, ಬಿಆರ್‌ಸಿಎ ದೋಷ, ಕೀಮೋಗೆ ಸ್ಪಂದಿಸಿದವರು. ಎರಡು ವರ್ಷದವರೆಗೆ ಮಾತ್ರೆ. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ, ಏಳು ವರ್ಷದ ಹೊತ್ತಿಗೆ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 67 ಮಂದಿ ಬದುಕಿದ್ದರು, ತಗೊಳ್ಳದವರಲ್ಲಿ ಸುಮಾರು 46. ಇದನ್ನು ಚಿಕ್ಕಪ್ಪನಿಗೆ ಎರಡು ಸಲ ಓದಿ ಹೇಳಿದೆ.

ಕಾಯಿಲೆ ಮತ್ತೆ ಬರುವುದೇ ಜಾಸ್ತಿ, ಅದನ್ನು ಯಾರೂ ಮುಚ್ಚಿಡಲಿಲ್ಲ. ಕೀಮೋ ಮುಗಿದು ಆರು ತಿಂಗಳಿಗಿಂತ ತಡವಾಗಿ ಬಂದರೆ ಸಾಮಾನ್ಯವಾಗಿ ಕೀಮೋದಲ್ಲಿ ಕೊಟ್ಟ ಅದೇ ಕಾರ್ಬೋಪ್ಲಾಟಿನ್ ಔಷಧಿ ಮತ್ತೆ ಕೆಲಸ ಮಾಡಬಹುದಂತೆ. ಮಾತ್ರೆಯಿಂದ ರಕ್ತ ಕಡಿಮೆಯಾಗಬಹುದು, ಸುಸ್ತು, ವಾಕರಿಕೆ ಇರುತ್ತೆ.

“ಹೊಟ್ಟೆ ಉಬ್ಬಿದಾಗಲೇ ಬಂದಿದ್ದರೆ?” ಅಂತ ಚಿಕ್ಕಮ್ಮ ಕೇಳಿದರು. ಎಷ್ಟೋ ಹೆಂಗಸರು ಗ್ಯಾಸ್ ಅಂದುಕೊಂಡೇ ತಿಂಗಳುಗಟ್ಟಲೆ ಓಡಾಡುತ್ತಾರೆ. ಕಾಯಿಲೆಯನ್ನು ಮೊದಲೇ ಹುಡುಕಿದರೆ ಸಾವು ಕಡಿಮೆಯಾಗುತ್ತಾ ಅಂತ ನೋಡಲು ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರು. ಈ ಕ್ಯಾನ್ಸರಿನ ಸುಳಿವು ಕೊಡುವ ಸಿಎ-125 ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಿದರೂ ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಗೊತ್ತಾಯಿತು. ಚಿಕ್ಕಮ್ಮ ತಮ್ಮನ್ನು ತಾವೇ ಬೈದುಕೊಳ್ಳುವುದು ಬೇಡ, ದಯವಿಟ್ಟು ಬೇಡ.

ಈಗ ನನ್ನ ಚಿಂತೆ ಚಿಕ್ಕಮ್ಮನ ಮಕ್ಕಳದು. ಈ ದೋಷ ಮಗಳಿಗೆ ದಾಟಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ರಕ್ತಪರೀಕ್ಷೆ ಆಗಬೇಕು. ದೋಷ ಇದ್ದರೆ, ಮಕ್ಕಳಾದ ಮೇಲೆ ಅಂಡಾಶಯ, ಅಂಡನಾಳ ತೆಗೆಸಿಕೊಳ್ಳುವ ಮಾತು ಬರುತ್ತೆ. ಮಗನಿಗೂ ಅಷ್ಟೇ ಸಾಧ್ಯತೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಹಾಗಾಗಿ ಅವನೂ ಪರೀಕ್ಷೆ ಮಾಡಿಸಬೇಕು. ಇಬ್ಬರಿಗೂ ನಾನೇ ಫೋನ್ ಮಾಡುತ್ತೇನೆ ಅಂತ ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೇನೆ.