ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ತಾಸು?

ನಮ್ಮ ಶಿರಸಿ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ. ಕುಮಟಾ 60 ಕಿಲೋಮೀಟರ್ ಆಸುಪಾಸು ಇರಬಹುದು, ಆದರೆ ದೇವಿಮನೆ ಘಟ್ಟ ಇಳಿಯಬೇಕಲ್ಲ, ಎರಡು ತಾಸು ಅಂತಲೇ ಉತ್ತರ.

ಹಾಗಾಗಿ ತಂಗಿ ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಆಯಿ ಕೇಳಿದ್ದೂ ಅದೇ. ಬೆಂಗಳೂರಿಂದ ಸುಮಾರು 14,000 ಕಿಲೋಮೀಟರ್ ಅಂದೆ. ‘ಅದೆಲ್ಲ ಬೇಡ, ತಾಸು ಹೇಳು’ ಅಂದಳು. ಎಲ್ಲೂ ಇಳಿಯದೆ ಹಾರಿದರೆ ಹದಿನೇಳು ತಾಸು.

ಅಪ್ಪನ ಅನುಮಾನ ಬೇರೆ. ನಕಾಶೆಯಲ್ಲಿ ಅಮೆರಿಕ ಪಕ್ಕಕ್ಕಿದೆ, ಈ ವಿಮಾನ ಯಾಕೆ ಉತ್ತರ ಧ್ರುವದ ಕಡೆ ಹೋಗಬೇಕು? ನಾನು ಹಿತ್ತಲಿಂದ ಒಂದು ದುಂಡನೆಯ ಚಕ್ಕೋತ ಕಿತ್ತು ತಂದೆ. ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟೆ, ಒಂದು ಬೆಂಗಳೂರು, ಇನ್ನೊಂದು ಹಣ್ಣಿನ ಆಚೆ ಮಗ್ಗುಲಿಗೆ ಸ್ಯಾನ್ ಫ್ರಾನ್ಸಿಸ್ಕೋ. ಆಯಿ ಹೂ ಕಟ್ಟಲಿಕ್ಕೆ ನೆನೆಸಿಟ್ಟಿದ್ದ ಬಾಳೆನಾರು ತೆಗೆದು ಹೊಟ್ಟೆಯ ಸುತ್ತ ಎಳೆದರೆ ಆಚೆ ಚುಕ್ಕೆಗೆ ಮುಟ್ಟಲೇ ಇಲ್ಲ. ಅದೇ ನಾರನ್ನು ತೊಟ್ಟಿನ ಮೇಲಿಂದ ಹಾಯಿಸಿದೆ. ಮುಟ್ಟಿ, ಎರಡು ಬೆರಳಿನಷ್ಟು ಉಳಿಯಿತು. ಅಪ್ಪ ತಾನೇ ಮತ್ತೊಂದು ಸಲ ಎಳೆದು ನೋಡಿದ.

2021ರ ಜನವರಿಯಲ್ಲಿ ಏರ್ ಇಂಡಿಯಾದ ನಾಲ್ವರು ಮಹಿಳಾ ಪೈಲಟ್‌ಗಳು ಹೀಗೇ ಧ್ರುವದ ಹಾದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದರು. ಅಲ್ಲಿ ಶನಿವಾರ ರಾತ್ರಿ ಹೊರಟವರು ಇಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಆ ಸುದ್ದಿ ಓದಿದಾಗ ನಿಜಕ್ಕೂ ಹೆಮ್ಮೆ ಆಗಿತ್ತು.

ಆದರೆ ಹತ್ತಿರದ ಹಾದಿಯೇ ಬೇಗ ಮುಟ್ಟಿಸುತ್ತದೆ ಅಂತೇನಿಲ್ಲ. 2016ರಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಮೇಲಿಂದ ಕಳಿಸಲು ಶುರು ಮಾಡಿತು. ದಾರಿ ಸುಮಾರು 1,400 ಕಿಲೋಮೀಟರ್ ಜಾಸ್ತಿ, 15,300 ಕಿಲೋಮೀಟರ್ ಹತ್ತಿರ ಹೋಯಿತು. ಆದರೂ ಹದಿನಾಲ್ಕೂವರೆ ತಾಸಿಗೆ ಮುಟ್ಟಿತು, ಮೊದಲಿಗಿಂತ ಹೆಚ್ಚುಕಮ್ಮಿ ಎರಡು ತಾಸು ಬೇಗ! ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಪೂರ್ವಕ್ಕೆ ಹೊರಟ ವಿಮಾನವನ್ನು ಅದು ಹಿಂದಿನಿಂದ ನೂಕುತ್ತದೆ, ಎದುರು ಹೋದವರನ್ನು ತಡೆಯುತ್ತದೆ. ಒಂದೇ ದಾರಿಗೆ ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ, ಕಾರಣ ಈ ಗಾಳಿಯೇ.

ಇನ್ನು ನಮ್ಮ ಮನೆ ಬಾಗಿಲಿಂದ ಲೆಕ್ಕ ಹಾಕಿ. ಶಿರಸಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್, ರಾತ್ರಿ ಬಸ್ಸಿಗೆ ಎಂಟೊಂಬತ್ತು ತಾಸು. ಅಲ್ಲಿಂದ ದೇವನಹಳ್ಳಿ, ಮೂರು ತಾಸು ಮೊದಲೇ ಹೋಗಿ ಕೂರಬೇಕು. 14,000 ಕಿಲೋಮೀಟರ್ ಹಾರಲಿಕ್ಕೆ ನಮ್ಮ ಬಸ್ಸಿನ ಎರಡರಷ್ಟು ಹೊತ್ತು ಸಾಕು! ಇದನ್ನು ಕೇಳಿದ ಮೇಲೆ ಆಯಿಗೆ ಸ್ವಲ್ಪ ಸಮಾಧಾನ ಆಯಿತು. ಅಮೆರಿಕ ಅಂದರೆ ಎರಡು ಸಲ ಬೆಂಗಳೂರಿಗೆ ಹೋದಷ್ಟೇ ಅಲ್ವಾ ಅಂದಳು.

ಚಕ್ಕೋತ ಮಾತ್ರ ಸುಲಿಯಲು ಬಿಡಲಿಲ್ಲ. ತಂಗಿ ಮುಟ್ಟಿದೆ ಅಂತ ಫೋನ್ ಮಾಡುವ ತನಕ ಅದು ಗಡಿಯಾರದ ಕೆಳಗೆ ನಾರಿನ ಸಮೇತ ಹಾಗೇ ಇತ್ತು.