ಎಸ್ಸೆನ್‌ಗೆ ಹೋದರೆ ಮೊದಲು ಗಣಿ ನೋಡಿ, ಆಮೇಲೆ ಬಂಗಲೆ

ಜರ್ಮನಿಗೆ ಬರುವ ನಮ್ಮವರ ಪಟ್ಟಿಯಲ್ಲಿ ಎಸ್ಸೆನ್ ಇರುವುದೇ ಇಲ್ಲ. ಕಲೋನ್ ಚರ್ಚು, ರೈನ್ ನದಿಯಲ್ಲಿ ದೋಣಿ, ಮ್ಯೂನಿಕ್, ಬರ್ಲಿನ್, ಅಲ್ಲಿಂದ ಸೀದಾ ಸ್ವಿಟ್ಜರ್ಲೆಂಡ್. ಎಸ್ಸೆನ್ ಅಂದರೆ ರೈಲು ಬದಲಾಯಿಸುವ ಊರು, ಅಷ್ಟೇ. ಸ್ಟೇಷನ್ನಿಂದ ಹೊರಗೆ ಬಂದರೂ ಕಣ್ಣಿಗೆ ಬೀಳುವುದು ಆಫೀಸು ಕಟ್ಟಡಗಳು, ಅಂಗಡಿ ಬೀದಿ. ಎರಡನೇ ಮಹಾಯುದ್ಧದ ಬಾಂಬಿಗೆ ಊರಿನ ನಡುಭಾಗ ಬಹುಪಾಲು ನೆಲಸಮವಾಗಿತ್ತು. ಹಾಗಾಗಿ ಹಳೇ ಊರಿನ ಅಂದ ಹುಡುಕಿಕೊಂಡು ಬಂದವರಿಗೆ ಇಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ.

ನಾನು ಈ ಕಡೆಯೇ ಇರುವುದರಿಂದ ಮನೆಗೆ ಬಂದವರನ್ನು ಬಿಡದೆ ಎಸ್ಸೆನ್‌ಗೆ ಕರೆದುಕೊಂಡು ಹೋಗುತ್ತೇನೆ. ಯಾಕೆಂದರೆ ನೆಲದಡಿಯಿಂದ ಬಂದ ಕಲ್ಲಿದ್ದಲು, ಅದನ್ನು ಅಗೆದವರ ಬದುಕು, ಅದರಿಂದ ಸಿರಿವಂತರಾದವರ ಮನೆ, ಆ ದುಡ್ಡಿನಿಂದ ಬಂದ ಚಿತ್ರಗಳು, ಎಲ್ಲವೂ ಒಂದೇ ಊರಿನಲ್ಲಿ ಟ್ರಾಮು ರೈಲಿನಲ್ಲಿ ಓಡಾಡಿಕೊಂಡು ನೋಡಬಹುದು. ಆದರೆ ಯಾವುದನ್ನು ಮೊದಲು ನೋಡುತ್ತೀರಿ ಅನ್ನುವುದು ಮುಖ್ಯ. ಬಂಗಲೆ ಮೊದಲು ನೋಡಿದರೆ ದೀಪದ ಗೊಂಚಲು ಮಾತ್ರ ಕಾಣುತ್ತದೆ. ಗಣಿ ನೋಡಿ ಆಮೇಲೆ ಹೋದರೆ ಆ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ.

ಮುಖ್ಯ ಸ್ಟೇಷನ್ನಿನಿಂದ 107ನೇ ನಂಬರಿನ ಟ್ರಾಮು ಹತ್ತಿದರೆ ತ್ಸೋಲ್‌ಫೆರೈನ್ ಗಣಿಯ ಬಾಗಿಲಲ್ಲೇ ಇಳಿಸುತ್ತದೆ. ಇಳಿಯುವ ಮೊದಲೇ ಕಾಣುವುದು 55 ಮೀಟರ್ ಎತ್ತರದ ಉಕ್ಕಿನ ಗೋಪುರ, ಮೇಲೆ ಚಕ್ರಗಳು. ಗಣಿಯ ಬಾವಿಯೊಳಗಿಂದ ಕಲ್ಲಿದ್ದಲು ಎತ್ತುತ್ತಿದ್ದುದು ಇದೇ. ಈ ಗಣಿ ಶುರುವಾದದ್ದು 1847ರಲ್ಲಿ. ಈಗ ಎಲ್ಲರೂ ಫೋಟೋ ತೆಗೆಯುವ 12ನೇ ಬಾವಿ ಕೆಲಸ ಶುರುಮಾಡಿದ್ದು 1932ರಲ್ಲಿ. ಫ್ರಿಟ್ಜ್ ಶುಪ್ ಮತ್ತು ಮಾರ್ಟಿನ್ ಕ್ರೆಮರ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು ಇದನ್ನು ಕಟ್ಟಿದರು. ಕೆಂಪು ಉಕ್ಕಿನ ಚೌಕಟ್ಟು, ನಡುವೆ ಇಟ್ಟಿಗೆ, ನೇರ ಗೆರೆಗಳು, ಒಂದು ಕಟ್ಟಡಕ್ಕೆ ಇನ್ನೊಂದು ಎದುರುಬದುರು. ಕಲ್ಲಿದ್ದಲು ಎತ್ತುವುದಕ್ಕೆ ಇಷ್ಟು ಅಚ್ಚುಕಟ್ಟು ಬೇಕಿತ್ತಾ ಅಂತ ಬಂದವರು ಕೇಳುತ್ತಾರೆ. ದಿನಕ್ಕೆ 12,000 ಟನ್ ಎತ್ತುವ ಜಾಗ ಅದು. ಕೆಲಸವೂ ಅಚ್ಚುಕಟ್ಟಾಗಿಯೇ ನಡೆಯಬೇಕಿತ್ತು, ಜೊತೆಗೆ ನೋಡಿದವರಿಗೆ ಕಂಪನಿಯ ಗತ್ತೂ ಗೊತ್ತಾಗಬೇಕಿತ್ತು.

1986ರ ಡಿಸೆಂಬರ್ 23ರಂದು ಇಲ್ಲಿ ಕೊನೆಯ ಪಾಳಿ ಮುಗಿಯಿತು. ಆಮೇಲೆ ಕೆಡವಿ ಹಾಕುವುದೇ ಸುಲಭವಿತ್ತು, ಅಲ್ವಾ? ಕೆಡವಲಿಲ್ಲ. ರಾಜ್ಯ ಸರ್ಕಾರ ಕೊಂಡುಕೊಂಡಿತು, ಸಂರಕ್ಷಿತ ಸ್ಮಾರಕ ಅಂತ ಘೋಷಣೆಯಾಯಿತು, 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಎಸ್ಸೆನ್ ಸುತ್ತಲಿನ ಈ ಗಣಿ ಸೀಮೆಗೆ ರೂರ್ ಅಂತ ಹೆಸರು. ಇಲ್ಲಿ ರೂರ್ ಮ್ಯೂಸಿಯಂ ಇರುವುದು ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದೊಳಗೆ. ಹೊರಗಿನಿಂದ ಒಂದು ಉದ್ದನೆಯ ಎಸ್ಕಲೇಟರ್ ಹತ್ತಿ ಸೀದಾ 24 ಮೀಟರ್ ಎತ್ತರಕ್ಕೆ ಹೋಗಬೇಕು. ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಸಂಸ್ಥೆ ಇದಕ್ಕೆ ಕಾದ ಕಬ್ಬಿಣದ ಕಿತ್ತಳೆ ಬಣ್ಣ ಕೊಟ್ಟಿದೆ. ಟಿಕೆಟ್ ಕೊಡುವುದು ಆ ಎತ್ತರದಲ್ಲೇ, ಆಮೇಲೆ ಮಹಡಿ ಮಹಡಿ ಇಳಿಯುತ್ತಾ ಮ್ಯೂಸಿಯಂ ನೋಡುವುದು. ಸುಮ್ನೆ ಶೋಕಿಗೆ ಹೀಗೆ ಮಾಡಿಲ್ಲ. ಕಲ್ಲಿದ್ದಲೂ ಹೀಗೇ ಮೇಲೆ ಹೋಗಿ, ತೊಳೆಸಿಕೊಂಡು, ಬೇರೆಯಾಗುತ್ತಾ ಕೆಳಗೆ ಇಳಿಯುತ್ತಿತ್ತು. ನಾವು ಅದರ ದಾರಿಯಲ್ಲೇ ನಡೆಯುತ್ತೇವೆ.

ತೊಳೆಯುವ ಯಂತ್ರಗಳ ಹತ್ತಿರ ಸ್ವಲ್ಪ ನಿಲ್ಲಿ. ಗಣಿಯಿಂದ ಬರುವುದು ಬರೀ ಕಲ್ಲಿದ್ದಲಲ್ಲ, ಅದರ ಜೊತೆ ಬೇಕಾದಷ್ಟು ಕಲ್ಲೂ ಇರುತ್ತದೆ. ದೊಡ್ಡ ತೊಟ್ಟಿಯ ನೀರಿನಲ್ಲಿ ಹಾಕಿ, ನೀರನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಹಗುರವಾದ ಕಲ್ಲಿದ್ದಲು ಮೇಲಿನ ಪದರಕ್ಕೆ ಬರುತ್ತಿತ್ತು, ಭಾರದ ಕಲ್ಲು ತಳ ಸೇರುತ್ತಿತ್ತು. ನಮ್ಮಲ್ಲಿ ರಾಗಿ ಜಾಲಿಸಿ ಕಲ್ಲು ತೆಗೆಯುತ್ತಿದ್ದರಲ್ಲ, ಅದೇ ಲೆಕ್ಕ, ಆದರೆ ಒಂದು ಕಟ್ಟಡದಷ್ಟು ದೊಡ್ಡದು. ಗಣಿಗಳಲ್ಲಿ ದಪ್ಪ ಕಲ್ಲುಗಳನ್ನು ಓಡುವ ಬೆಲ್ಟಿನ ಮೇಲಿಂದ ಕೈಯಲ್ಲೇ ಆರಿಸುವ ಕೆಲಸವೂ ಇತ್ತು. ನೆಲದಡಿ ದುಡಿದು ಮೈಯಲ್ಲಿ ಶಕ್ತಿ ಉಳಿಯದ ಮುದುಕರು, ಇನ್ನೂ ಒಳಗೆ ಇಳಿಯುವ ವಯಸ್ಸಾಗದ ಹುಡುಗರು ಆ ಬೆಲ್ಟಿನ ಪಕ್ಕ ನಿಲ್ಲುತ್ತಿದ್ದರು. ಧೂಳು ಒಂದು ಕಡೆ, ಕಿವಿ ಕಿತ್ತುಹೋಗುವ ಸದ್ದು ಇನ್ನೊಂದು ಕಡೆ.

ದಯವಿಟ್ಟು ಗೈಡ್ ಜೊತೆ ಹೋಗಿ. ನೀವೇ ತಿರುಗಿದರೆ ಕಬ್ಬಿಣ ಕಾಣುತ್ತದೆ, ಗೈಡ್ ಇದ್ದರೆ ಜನ ಕಾಣುತ್ತಾರೆ. ಪಾಳಿ ಮುಗಿಸಿ ಮೇಲೆ ಬಂದವರು ಕೊಳಕು ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದು ಚಾವಣಿಗೆ ಏರಿಸುತ್ತಿದ್ದರು, ಬಿಸಿ ಗಾಳಿಗೆ ಅದು ಒಣಗಲಿ ಅಂತ. ತಮ್ಮ ಬೆನ್ನು ತಮಗೆ ಎಟುಕುವುದಿಲ್ಲವಲ್ಲ, ಅದಕ್ಕೆ ಸ್ನಾನದ ಮನೆಯಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜುತ್ತಿದ್ದರು. ಪೋಲೆಂಡ್ ಕಡೆಯಿಂದ ಬಂದವರು, 1961ರ ಒಪ್ಪಂದದ ನಂತರ ಟರ್ಕಿಯಿಂದ ಬಂದವರು, ಎಲ್ಲರೂ ಅದೇ ಸಾಲಿನಲ್ಲಿ. ಹಳೇ ಸ್ನಾನದ ಮನೆಗಳಲ್ಲಿ ಒಂದು ಈಗ ನೃತ್ಯ ಮತ್ತು ರಂಗಪ್ರಯೋಗಗಳ ಜಾಗವಾಗಿದೆ. ಬಿಳಿ ಟೈಲ್ಸ್ ಹಾಗೇ ಬಿಟ್ಟಿದ್ದಾರೆ.

ಪಕ್ಕದ ಬಾಯ್ಲರ್ ಮನೆಯನ್ನು ವಾಸ್ತುಶಿಲ್ಪಿ ನಾರ್ಮನ್ ಫೋಸ್ಟರ್ 1997ರಲ್ಲಿ ಡಿಸೈನ್ ಮ್ಯೂಸಿಯಂ ಮಾಡಿದರು. ರೆಡ್ ಡಾಟ್ ಅಂತ ಹೆಸರು. ಕುರ್ಚಿ, ಕೆಟಲ್, ಸೈಕಲ್ಲು ಎಲ್ಲ ತುಕ್ಕು ಹಿಡಿದ ಬಾಯ್ಲರುಗಳ ನಡುವೆ ಇಟ್ಟಿದ್ದಾರೆ. ನನಗೆ ವಸ್ತುಗಳಿಗಿಂತ ಬಾಯ್ಲರುಗಳೇ ಇಷ್ಟ. ಸಮಯ ಕಡಿಮೆ ಇದ್ದರೆ ಇದನ್ನು ಬಿಟ್ಟು ಕೋಕ್ ಘಟಕದ ಕಡೆ ನಡೆಯಿರಿ. 1961ರಿಂದ 1993ರವರೆಗೆ ಅಲ್ಲಿ 304 ಒಲೆಗಳಲ್ಲಿ ಕಲ್ಲಿದ್ದಲನ್ನು ಗಾಳಿ ತಾಗದಂತೆ ಸುಮಾರು ಸಾವಿರ ಡಿಗ್ರಿಯಲ್ಲಿ ಬೇಯಿಸಿ ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುತ್ತಿದ್ದರು. ಈಗ ಅದೇ ಒಲೆಗಳ ಸಾಲಿನ ಪಕ್ಕ ಚಳಿಗಾಲದಲ್ಲಿ ಮಕ್ಕಳು ಐಸ್ ಮೇಲೆ ಸ್ಕೇಟಿಂಗ್ ಮಾಡುತ್ತಾರೆ. ಹಳಿಗಳ ನಡುವೆ ಬರ್ಚ್ ಮರಗಳು ತಾವಾಗಿಯೇ ಬೆಳೆದಿವೆ, ಯಾರೂ ಕಡಿದಿಲ್ಲ.

ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಗೆಳತಿಯೊಬ್ಬಳನ್ನು ಇಲ್ಲಿಗೆ ಕರೆತಂದಿದ್ದೆ. ಅವಳ ಅಪ್ಪ ಗಣಿಯಲ್ಲಿದ್ದವರು. ಮ್ಯೂಸಿಯಂನ ಚಾವಣಿ ಮೇಲೆ ನಿಂತು ಗೋಪುರದ ಚಕ್ರ ನೋಡುತ್ತಾ ಅವಳು ಕೇಳಿದ್ದು ಒಂದೇ ಮಾತು: "ನಮ್ಮದೂ ಅದೇ ವರ್ಷ ಮುಚ್ಚಿತು ಕಣೆ, ಇವರು ಯುನೆಸ್ಕೋಗೆ ಸೇರಿಸಿದ ವರ್ಷ. ನಮ್ಮ ಶಾಫ್ಟ್‌ಗೆ ಹೀಗೆ ಯಾರು ಟಿಕೆಟ್ ಕೊಡ್ತಾರೆ?" ನಿಜ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ತ್ಸೋಲ್‌ಫೆರೈನ್ ಬಾವಿಗಿಂತ ಎಷ್ಟೋ ಆಳ, ಮೂರು ಕಿಲೋಮೀಟರಿಗೂ ಜಾಸ್ತಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಹೋಗುತ್ತಿದ್ದ ಊರು. ಬಂಡೆ ಸಿಡಿದು ಸತ್ತವರ ಕತೆ ಅಲ್ಲಿ ಮನೆಮನೆಯಲ್ಲಿದೆ. ಹೇಳುವವರು ಇನ್ನೂ ಬದುಕಿದ್ದಾರೆ. ಆ ಗಣಿಯನ್ನೂ ಹೀಗೆ ಉಳಿಸಿ ತೋರಿಸುವುದು ಅವರು ಇರುವಾಗಲೇ ಆಗಬೇಕಾದ ಕೆಲಸ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಧೂಳಿಗೂ ಪರಿಹಾರ ಆಗಬೇಕು. ನನಗೆ ಇದು ನಿಜವಾಗಿಯೂ ಬೇಕು ಅನ್ನಿಸುತ್ತದೆ.

ಇಲ್ಲೂ ಎಲ್ಲ ಚೆನ್ನಾಗಿದೆ ಅಂತಲ್ಲ. ನೂರಾರು ವರ್ಷ ಅಗೆದು ಅಗೆದು ರೂರ್ ಪ್ರದೇಶದ ನೆಲ ಕೆಲವು ಕಡೆ ಇಪ್ಪತ್ತು ಮೀಟರಿಗೂ ಹೆಚ್ಚು ಕುಸಿದಿದೆ. ನೀರೆತ್ತುವ ಪಂಪು ನಿಲ್ಲಿಸಿದರೆ ಆ ತಗ್ಗಿನ ಜಾಗಗಳು ಕೆರೆಯಾಗುತ್ತವೆ. ಪಕ್ಕದ ಬೊಟ್ರಾಪ್‌ನಲ್ಲಿ ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲು (ಹಾರ್ಡ್ ಕೋಲ್) ಗಣಿ 2018ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೆ ನೀರು ಎತ್ತುವ ಕೆಲಸಕ್ಕೆ ಕೊನೆಯ ದಿನ ಅನ್ನುವುದೇ ಇಲ್ಲ. ಅದರ ಖರ್ಚು ನೋಡಿಕೊಳ್ಳುವುದಕ್ಕೆಂದೇ ಒಂದು ಪ್ರತಿಷ್ಠಾನ ಇದೆ, ಅದರ ಆಫೀಸು ಇರುವುದೂ ತ್ಸೋಲ್‌ಫೆರೈನ್ ಆವರಣದಲ್ಲೇ.

ಇಷ್ಟಾದ ಮೇಲೆ ಬಂಗಲೆಗೆ ಹೋಗಿ. ಎಸ್6 ರೈಲಿನಲ್ಲಿ ಎಸ್ಸೆನ್-ಹ್ಯೂಗೆಲ್ ಸ್ಟೇಷನ್. ಅಲ್ಲಿಂದ ಗುಡ್ಡ ಹತ್ತಿದರೆ ವಿಲ್ಲಾ ಹ್ಯೂಗೆಲ್, 269 ಕೋಣೆಗಳ ಮನೆ. ಉಕ್ಕಿನ ದೊರೆ ಆಲ್ಫ್ರೆಡ್ ಕ್ರುಪ್ 1873ರಲ್ಲಿ ಕಟ್ಟಿ ಮುಗಿಸಿದ್ದು. ಬೆಸುಗೆ ಇಲ್ಲದ ರೈಲು ಚಕ್ರದ ಪಟ್ಟಿ ಕಂಡುಹಿಡಿದು ಕಂಪನಿ ಬೆಳೆಸಿದ ಮನುಷ್ಯ, ಅವರ ಮೂರು ಉಂಗುರದ ಗುರುತು ಬಂದದ್ದು ಅಲ್ಲಿಂದಲೇ. ಬೆಂಕಿಯ ಭಯ ಎಷ್ಟಿತ್ತೆಂದರೆ ಮನೆಯನ್ನು ಕಲ್ಲು, ಉಕ್ಕು, ಗಾಜಿನಲ್ಲೇ ಕಟ್ಟಿಸಿದರು. ಚಕ್ರವರ್ತಿಗಳು ಬಂದು ಉಳಿದುಕೊಳ್ಳುತ್ತಿದ್ದ ಮನೆ. ಕಾರ್ಮಿಕರಿಗೆ ಆ ಕಾಲದಲ್ಲೇ ವಸತಿ, ಆರೋಗ್ಯ ನಿಧಿ ಮಾಡಿದ ಕಂಪನಿಯೂ ಇದೇ, ಫಿರಂಗಿ ಮಾಡಿದ್ದೂ ಇದೇ, ನಾಜಿ ಕಾಲದಲ್ಲಿ ಜನರನ್ನು ಬಲವಂತವಾಗಿ ತಂದು ದುಡಿಸಿದ್ದೂ ಇದೇ. ಅದಕ್ಕೆ ಆಲ್ಫ್ರೆಡ್ ಅವರ ಮರಿಮಗ ಆಲ್ಫ್ರೀಡ್ ಕ್ರುಪ್‌ಗೆ 1948ರಲ್ಲಿ ನ್ಯೂರೆಂಬರ್ಗ್‌ನಲ್ಲಿ 12 ವರ್ಷ ಶಿಕ್ಷೆಯಾಯಿತು, 1951ರಲ್ಲೇ ಬಿಟ್ಟರು. ದೊಡ್ಡ ಹಾಲ್‌ನಲ್ಲಿ ನಿಂತಾಗ ಇದೆಲ್ಲ ತಲೆಯಲ್ಲಿ ಇರಲಿ.

ಕ್ರುಪ್ ದುಡ್ಡಿನ ಇನ್ನೊಂದು ಮುಖ ಮಾರ್ಗರೆಟನ್‌ಹ್ಯೋಯೆ. ಮಾರ್ಗರೆಟೆ ಕ್ರುಪ್ 1906ರಲ್ಲಿ ಮಗಳ ಮದುವೆ ನೆಪದಲ್ಲಿ ಜಾಗ, ದುಡ್ಡು ಕೊಟ್ಟು ಹುಟ್ಟುಹಾಕಿದ ಬಡಾವಣೆ, ಮೇಟ್ಸೆಂಡಾರ್ಫ್ ಅನ್ನುವ ವಾಸ್ತುಶಿಲ್ಪಿಯ ಕೈಕೆಲಸ. ಬಳ್ಳಿ ಹಬ್ಬಿದ ಗೋಡೆ, ಪುಟ್ಟ ಕಿಟಕಿ, ಹಿಂದೆ ತೋಟ. ಜನ ಇವತ್ತಿಗೂ ವಾಸವಾಗಿದ್ದಾರೆ, ಹಾಗಾಗಿ ಕಿಟಕಿಯೊಳಗೆ ಕ್ಯಾಮೆರಾ ಹಿಡಿಯಬೇಡಿ.

ಚಿತ್ರ ಇಷ್ಟವಿರುವವರು ಫೋಕ್‌ವಾಂಗ್ ಮ್ಯೂಸಿಯಂ ಬಿಡಬಾರದು. ಕಾರ್ಲ್ ಎರ್ನ್ಸ್ಟ್ ಓಸ್ಟ್‌ಹೌಸ್ ಅನ್ನುವವರು ಹಾಗೆನ್ ಊರಿನಲ್ಲಿ 1902ರಲ್ಲಿ ತೆರೆದದ್ದು, ಅವರು ತೀರಿಕೊಂಡ ಮೇಲೆ 1922ರಲ್ಲಿ ಎಸ್ಸೆನ್‌ಗೆ ಬಂತು. ವಾನ್ ಗೋ, ಗೋಗ್ಯಾಂ, ಸೆಜಾನ್ ಎಲ್ಲ ಇದ್ದಾರೆ. 1937ರಲ್ಲಿ ನಾಜಿಗಳು ಇಲ್ಲಿಂದ 1,400ಕ್ಕೂ ಹೆಚ್ಚು ಕೃತಿಗಳನ್ನು ಕಿತ್ತುಕೊಂಡು ಹೋದರು. ಯುದ್ಧದ ನಂತರ ಕೆಲವನ್ನು ಹುಡುಕಿ ದುಡ್ಡು ಕೊಟ್ಟು ವಾಪಸ್ ತಂದಿದ್ದಾರೆ. 2015ರಿಂದ ಇಲ್ಲಿನ ಸ್ವಂತ ಸಂಗ್ರಹ ನೋಡಲು ಟಿಕೆಟ್ ಬೇಡ. ಆದ್ದರಿಂದ ಒಂದೇ ಗಂಟೆ ಇದ್ದರೂ ಒಳಗೆ ಹೋಗಿ ಬನ್ನಿ.

ಊರ ನಡುವಿನ ಕೆಥೆಡ್ರಲ್‌ನಲ್ಲಿ ಬಂಗಾರದ ಮೇರಿ ಇದ್ದಾಳೆ. 74 ಸೆಂಟಿಮೀಟರ್ ಎತ್ತರ, ಮರದ ಮೇಲೆ ಚಿನ್ನದ ತಗಡು, ಸಾವಿರ ವರ್ಷಕ್ಕೂ ಹಳೆಯದು. ಕಲ್ಲಿದ್ದಲಿಗೆ ಎಷ್ಟೋ ಮೊದಲು ಈ ಊರನ್ನು ಆಳುತ್ತಿದ್ದವರು ಇಲ್ಲಿನ ಮಠದ ಹೆಂಗಸರು, 1803ರವರೆಗೂ.

ಒಂದು ದಿನ ಮಾತ್ರ ಇದ್ದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತ್ಸೋಲ್‌ಫೆರೈನ್, ಆಮೇಲೆ ಹ್ಯೂಗೆಲ್. ಇಂಗ್ಲಿಷ್ ಗೈಡ್ ಪ್ರವಾಸಗಳು ಕಡಿಮೆ, ಮೊದಲೇ ಬುಕ್ ಮಾಡಿ. ಸೋಮವಾರ ಫೋಕ್‌ವಾಂಗ್, ವಿಲ್ಲಾ ಎರಡಕ್ಕೂ ರಜೆ, ರೂರ್ ಮ್ಯೂಸಿಯಂ ತೆರೆದಿರುತ್ತದೆ. ಬೇಸಿಗೆಯಾದರೆ ಬ್ಯಾಗಿನಲ್ಲಿ ಟವಲ್ ಇರಲಿ. ಹ್ಯೂಗೆಲ್ ಸ್ಟೇಷನ್ನಿನ ಎದುರಿಗೇ ಬಾಲ್ಡೆನೈ ಕೆರೆ ಇದೆ. ಕೊಳಕು ನೀರಿನ ಕಾರಣಕ್ಕೆ ದಶಕಗಳ ಕಾಲ ಈಜು ನಿಷೇಧವಿತ್ತು, 2017ರಿಂದ ಒಂದು ದಡದಲ್ಲಿ ಮತ್ತೆ ಈಜಲು ಬಿಡುತ್ತಿದ್ದಾರೆ.